ಒಂದೇ ಭೂಕಂಪನ ಕೇಂದ್ರದ ದಾಖಲೆಯಿಂದ ಭೂಕವಚದ ದಪ್ಪವನ್ನೂ ಎಳೆಯನ್ನೂ ಅಳೆಯುವ ಬಗೆ

ಭೂಕವಚ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡರೆ, ಜಾರಿದರೆ ಅಥವಾ ಹಿಗ್ಗಿದರೆ ಎರಡು ಗುರುತುಗಳು ಉಳಿಯುತ್ತವೆ. ಮೊದಲನೆಯದು ದಪ್ಪ: ಒತ್ತಿಸಿಕೊಂಡ ಕಡೆ ಕವಚ ದಪ್ಪವಾಗುತ್ತದೆ, ಹಿಗ್ಗಿದ ಕಡೆ ತೆಳುವಾಗುತ್ತದೆ. ಎರಡನೆಯದು ಎಳೆ: ಬಂಡೆಯೊಳಗಿನ ಅಭ್ರಕ, ಆಂಫಿಬೋಲ್ ಹರಳುಗಳು ಮರದ ಹಲಗೆಯ ಎಳೆಗಳಂತೆ ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ, ಆಮೇಲೆ ಅಲೆಯ ವೇಗ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಈ ಎರಡನ್ನೂ ಒಂದೇ ಕೇಂದ್ರದ ದಾಖಲೆಯಿಂದ ತೆಗೆಯಲು ಸಾಧ್ಯ. ಆ ವಿಧಾನದ ಹೆಸರು ರಿಸೀವರ್ ಫಂಕ್ಷನ್.

ತತ್ವ ಹೀಗಿದೆ. ದೂರದ ಭೂಕಂಪದ ಪಿ ಅಲೆ (ಬಂಡೆಯನ್ನು ತಾನು ಸಾಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಅದುರಿಸುವ, ಮೊದಲು ತಲುಪುವ ಅಲೆ) ಕೆಳಗಿನಿಂದ ಬಂದು ಕವಚದ ತಳವನ್ನು, ಅಂದರೆ ಮೊಹೊ ಗಡಿಯನ್ನು, ದಾಟುವಾಗ ಅದರ ಒಂದು ಪಾಲು ಎಸ್ ಅಲೆಯಾಗಿ (ಸಾಗುವ ದಿಕ್ಕಿಗೆ ಅಡ್ಡಲಾಗಿ ಅದುರಿಸುವ ಅಲೆ) ಮಾರ್ಪಡುತ್ತದೆ. ಎಸ್ ನಿಧಾನಿ, ಹಾಗಾಗಿ ಪಿ ಬಂದ ಕೆಲವು ಸೆಕೆಂಡುಗಳ ನಂತರ ಕೇಂದ್ರ ಸೇರುತ್ತದೆ. ಈ ಮಾರ್ಪಟ್ಟ ಅಲೆಯನ್ನು ಪಿಎಸ್ ಎನ್ನುತ್ತಾರೆ. ಪಿ ಮುಖ್ಯವಾಗಿ ಲಂಬ ದಾಖಲೆಯಲ್ಲಿ ಕಾಣುತ್ತದೆ, ಪಿಎಸ್ ಅಡ್ಡ ದಾಖಲೆಯಲ್ಲಿ. ಅಡ್ಡ ದಾಖಲೆಯನ್ನು ಲಂಬ ದಾಖಲೆಯಿಂದ ಭಾಗಿಸಿದರೆ ಭೂಕಂಪದ ಮೂಲದ ಗೋಜಲು ಎರಡರಲ್ಲೂ ಒಂದೇ ಆಗಿರುವುದರಿಂದ ಕಳೆದುಹೋಗಿ, ಕೇಂದ್ರದ ಕೆಳಗಿನ ಪದರಗಳ ಸಹಿ ಮಾತ್ರ ಉಳಿಯುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಹೈದರಾಬಾದಿನ ಕೇಂದ್ರ, ಸಂಕೇತ ಎಚ್‌ವೈಬಿ. ಇದು ಫ್ರಾನ್ಸಿನ ಜಿಯೋಸ್ಕೋಪ್ ಜಾಲಕ್ಕೆ ಸೇರಿದೆ, ದಾಖಲೆಗಳು ಯಾರಿಗೂ ಮುಕ್ತ. ಕೇಂದ್ರ ನಿಂತಿರುವುದು ಪೂರ್ವ ಧಾರವಾಡ ಕ್ರೇಟಾನ್ ಎಂಬ ಹಳೆಯ ಭೂಖಂಡದ ಮೇಲೆ. ಕೋಲಾರ, ಬೆಂಗಳೂರುಗಳ ಬಂಡೆಯೂ ಅದೇ ಖಂಡದ್ದು. ಗಟ್ಟಿ ಬಂಡೆಯ ಮೇಲಿರುವುದರಿಂದ ದಾಖಲೆ ಸ್ವಚ್ಛ, ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಗಂಗಾ ಬಯಲಿನ ಕೇಂದ್ರದಿಂದ ಶುರು ಮಾಡಬೇಡಿ. ಅಲ್ಲಿನ ದಪ್ಪ ಮೆಕ್ಕಲು ಪದರದೊಳಗೆ ಅಲೆ ಮೇಲೆ ಕೆಳಗೆ ಪುಟಿದು ಮೊದಲ ಹಲವು ಸೆಕೆಂಡುಗಳನ್ನು ತುಂಬಿಬಿಡುತ್ತದೆ, ಮೊಹೊದ ಸಂಕೇತ ಅದರಡಿ ಮುಚ್ಚಿಹೋಗುತ್ತದೆ.

ಬೇಕಾದದ್ದು

ಮೂರು ಘಟಕಗಳ ಬ್ರಾಡ್‌ಬ್ಯಾಂಡ್ (ಕೆಳಗಿನಿಂದ ಮೇಲಿನವರೆಗೆ ಅಗಲ ವ್ಯಾಪ್ತಿಯ ಆವರ್ತನಗಳನ್ನು ಹಿಡಿಯುವ) ದಾಖಲೆ ಬೇಕು: ಲಂಬ, ಉತ್ತರ, ಪೂರ್ವ. ಸಂಕೇತದ ಮೊದಲೆರಡು ಅಕ್ಷರ ಬಿ, ಎಚ್ ಇರುವ ವಾಹಿನಿ ಸಾಕು, ಅದರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 20 ಮಾದರಿ ಇರುತ್ತವೆ. ಕಿರು ಅವಧಿಯ ಸೀಸ್ಮೋಮೀಟರಿನ ದಾಖಲೆ ಈ ಕೆಲಸಕ್ಕೆ ಕಷ್ಟ. ಗೌರಿಬಿದನೂರಿನ ಸೀಸ್ಮೋಮೀಟರುಗಳ ಎಲ್ ಆಕಾರದ ಸಾಲು 1960ರ ದಶಕದಲ್ಲಿ ಅಣುಸ್ಫೋಟಗಳನ್ನು ಪತ್ತೆಹಚ್ಚಲು ರೂಪುಗೊಂಡದ್ದು. ದೂರದ ಸಣ್ಣ ಪಿ ಅಲೆಯನ್ನು ಹಿಡಿಯುವುದರಲ್ಲಿ ಅಂಥ ಸಾಲು ಗಟ್ಟಿಗ. ನಮಗೆ ಬೇಕಾದದ್ದಾದರೋ ಮೂರೂ ಘಟಕಗಳು ಮತ್ತು ಕೆಳ ಆವರ್ತನಗಳು.

ಸಾಫ್ಟ್‌ವೇರ್: ಪೈಥಾನ್, ಅದರ ಮೇಲೆ ಒಬ್ಸ್‌ಪೈ ಮತ್ತು ಆರ್‌ಎಫ್ ಪ್ಯಾಕೇಜುಗಳು. ಎಲ್ಲ ಉಚಿತ. ಒಬ್ಸ್‌ಪೈಯೊಳಗಿನ ಐಪಿಜಿಪಿ (ಪ್ಯಾರಿಸಿನ ಭೂಭೌತ ಸಂಸ್ಥೆ) ಕ್ಲೈಂಟ್ ಮೂಲಕ ಎಚ್‌ವೈಬಿ ದಾಖಲೆ ನೇರ ಇಳಿಯುತ್ತದೆ. ದಾಖಲೆಯ ಜತೆಗೆ ಕೇಂದ್ರದ ಮೆಟಾಡೇಟಾ ಕಡತವನ್ನೂ (ಸ್ಥಾನ, ಉಪಕರಣ, ಘಟಕಗಳ ಕೋನ ಇತ್ಯಾದಿ ವಿವರ) ಇಳಿಸಿಕೊಳ್ಳಿ. ಅದಿಲ್ಲದೆ ಮುಂದಿನ ಹಂತಗಳು ನಡೆಯುವುದಿಲ್ಲ.

ಭೂಕಂಪಗಳ ಆಯ್ಕೆ

ಕೇಂದ್ರದಿಂದ 30°ರಿಂದ 95° ದೂರದೊಳಗಿನ (ದೂರವನ್ನು ಇಲ್ಲಿ ಭೂಮಿಯ ನಡುವಿನಲ್ಲಿ ಏರ್ಪಡುವ ಕೋನದಿಂದ ಅಳೆಯುತ್ತಾರೆ), 5.5ಕ್ಕಿಂತ ಹೆಚ್ಚು ಪರಿಮಾಣದ ಭೂಕಂಪಗಳನ್ನು ಮಾತ್ರ ಆರಿಸಿ. ಈ ಎರಡು ಗಡಿಗಳಿಗೂ ಕಾರಣವಿದೆ. 30°ಗಿಂತ ಹತ್ತಿರವಾದರೆ ಕವಚದ ಕೆಳಗಿನ ಪದರವಾದ ಮ್ಯಾಂಟಲಿನ 410 ಮತ್ತು 660 ಕಿ.ಮೀ. ಆಳದ ಗಡಿಗಳು ಒಂದೇ ಪಿ ಅಲೆಯನ್ನು ಎರಡು ಮೂರು ತುಣುಕು ಮಾಡಿ ಕಳಿಸುತ್ತವೆ. ಆ ತುಣುಕುಗಳು ಪಿಎಸ್ ಹಾಗೆಯೇ ಕಾಣುತ್ತವೆ. 95° ದಾಟಿದರೆ ಕೇಂದ್ರಗೋಳದ ನೆರಳು ಶುರುವಾಗಿ ಪಿ ಕ್ಷೀಣಿಸುತ್ತದೆ.

ಹೈದರಾಬಾದಿಗೆ ಈ ನಿಯಮ ಹಾಕಿದರೆ ಏನಾಗುತ್ತದೆ ನೋಡಿ. ಉತ್ತರ ಸುಮಾತ್ರಾ ಸುಮಾರು 22°, ಹಿಂದೂಕುಶ್ ಸುಮಾರು 20°. ದೊಡ್ಡ ಭೂಕಂಪಗಳ ಈ ಎರಡು ನೆಲೆಗಳೂ ಹೊರಗುಳಿಯುತ್ತವೆ. ಟೋಂಗಾ ಸುಮಾರು 112°, ಅದೂ ಇಲ್ಲ. ಉಳಿಯುವುದು ಜಾವಾ (40°), ಜಪಾನ್ (57°), ಪಪುವಾ ನ್ಯೂಗಿನಿ (74°), ಅಲ್ಯೂಷಿಯನ್ (86°), ವಾಯವ್ಯಕ್ಕೆ ಟರ್ಕಿ (42°) ಮತ್ತು ಗ್ರೀಸ್, ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನಡುಏಣು. ಪೂರ್ವ ಮತ್ತು ಈಶಾನ್ಯದಿಂದ ರಾಶಿ ರಾಶಿ, ನೈಋತ್ಯದಿಂದ ಬಹಳ ಕಡಿಮೆ. ಅಲೆ ಬಂದ ದಿಕ್ಕಿನ ಈ ಅಸಮತೋಲನವನ್ನು ಈಗಲೇ ಒಂದು ವೃತ್ತದ ನಕ್ಷೆಯಲ್ಲಿ ಬರೆದಿಡಿ. ದಪ್ಪದ ಲೆಕ್ಕಕ್ಕೆ ಅದು ಅಷ್ಟಾಗಿ ಕಾಡುವುದಿಲ್ಲ, ಎಳೆಯ ಲೆಕ್ಕಕ್ಕೆ ಬಂದಾಗ ಕಾಡುತ್ತದೆ.

ದಾಖಲೆ ಸಿದ್ಧಪಡಿಸುವುದು

ಪಿ ಬರುವ ಸಮಯವನ್ನು ಭೂಮಿಯೊಳಗಿನ ಅಲೆ ವೇಗಗಳ ಐಎಎಸ್‌ಪಿ91 ಮಾದರಿಯಿಂದ ಲೆಕ್ಕ ಹಾಕಿ, ಅದಕ್ಕೆ 30 ಸೆಕೆಂಡು ಮೊದಲಿನಿಂದ 90 ಸೆಕೆಂಡು ನಂತರದವರೆಗೆ ಕತ್ತರಿಸಿ. ಅದೇ ಲೆಕ್ಕದಿಂದ ಕಿರಣ ನಿಯತಾಂಕವನ್ನೂ (ಅಲೆ ಎಷ್ಟು ಓರೆಯಾಗಿ ಬರುತ್ತದೆ ಎಂಬುದರ ಅಳತೆ) ಬರೆದುಕೊಳ್ಳಿ. ಈ ದೂರಗಳಿಗೆ ಅದು ಕಿ.ಮೀ.ಗೆ ಸುಮಾರು 0.04ರಿಂದ 0.08 ಸೆಕೆಂಡಿನ ನಡುವೆ ಇರುತ್ತದೆ. ಸರಾಸರಿ ಮತ್ತು ಓರೆ ತೆಗೆದು, ತುದಿಗಳನ್ನು 5% ಇಳಿಸಿ, 0.05ರಿಂದ 2 ಹರ್ಟ್ಸ್ ಫಿಲ್ಟರ್ ಹಾಕಿ.

ಉಪಕರಣದ ಪ್ರತಿಕ್ರಿಯೆಯನ್ನು ತೆಗೆಯಲೇಬೇಕೇ? ಮೂರೂ ಘಟಕಗಳ ಪ್ರತಿಕ್ರಿಯೆ ಒಂದೇ ಆಗಿದ್ದರೆ ಭಾಗಾಕಾರದಲ್ಲಿ ಅದು ತಾನಾಗಿಯೇ ಹೋಗುತ್ತದೆ. ಆದರೆ ಸಂವೇದನೆಯ ಅಂಕಿ ಒಂದೊಂದು ಘಟಕಕ್ಕೆ ಒಂದೊಂದು ಇದ್ದರೆ ತಪ್ಪು ಬರುತ್ತದೆ. ತೆಗೆದುಬಿಡುವುದೇ ಸುರಕ್ಷಿತ.

ಮೂರೂ ಘಟಕಗಳ ಆರಂಭದ ಸಮಯ, ಮಾದರಿಗಳ ಸಂಖ್ಯೆ ಒಂದೇ ಇರಬೇಕು. ಒಂದು ಮಾದರಿ ಹೆಚ್ಚು ಕಡಿಮೆಯಾದರೂ ಒಬ್ಸ್‌ಪೈ ತಿರುಗಿಸಲು ಒಪ್ಪುವುದಿಲ್ಲ. ನಡುವೆ ಬಿಟ್ಟುಹೋದ ದಾಖಲೆ ಇದ್ದರೆ ಆ ಭೂಕಂಪವನ್ನೇ ಬಿಡಿ, ಸೊನ್ನೆ ತುಂಬಿ ಮುಂದುವರಿಯಬೇಡಿ. ಪಿಗೆ ಮೊದಲಿನ ಗದ್ದಲಕ್ಕಿಂತ ಪಿ ಅಲೆ ಲಂಬ ದಾಖಲೆಯಲ್ಲಿ ಮೂರು ಪಟ್ಟಾದರೂ ದೊಡ್ಡದಾಗಿರಲಿ. ಇಷ್ಟಾದ ಮೇಲೂ ಒಂದೊಂದನ್ನೂ ಕಣ್ಣಿಂದ ನೋಡಬೇಕು. ಪೂರ್ತಿ ಯಂತ್ರಕ್ಕೆ ಬಿಟ್ಟವರ ರಾಶಿಯಲ್ಲಿ ಕಸ ಉಳಿಯುತ್ತದೆ.

ದಿಕ್ಕು: ಬಹುಪಾಲು ತಪ್ಪುಗಳ ಜಾಗ

ಉತ್ತರ ಮತ್ತು ಪೂರ್ವ ಘಟಕಗಳನ್ನು ಅಲೆ ಸಾಗುವ ದಿಕ್ಕಿಗೆ (ರೇಡಿಯಲ್) ಮತ್ತು ಅದಕ್ಕೆ ಲಂಬವಾದ ದಿಕ್ಕಿಗೆ (ಟ್ರಾನ್ಸ್‌ವರ್ಸ್) ತಿರುಗಿಸಬೇಕು. ಇದಕ್ಕೆ ಬೇಕಾದ ಕೋನ ಬ್ಯಾಕ್ ಅಜಿಮತ್: ಕೇಂದ್ರದಲ್ಲಿ ನಿಂತು ಭೂಕಂಪದ ಕಡೆ ನೋಡಿದಾಗ ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಎಂಬುದು. ಹೈದರಾಬಾದಿನಿಂದ ಟೋಕಿಯೊ ಕಡೆಗೆ ಅದು ಸುಮಾರು 58°. ಒಬ್ಸ್‌ಪೈಯ ದೂರ ಲೆಕ್ಕಿಸುವ ಫಂಕ್ಷನ್ ದೂರ ಮತ್ತು ಎರಡು ಕೋನ, ಹೀಗೆ ಮೂರು ಸಂಖ್ಯೆ ಕೊಡುತ್ತದೆ. ಭೂಕಂಪದ ಸ್ಥಾನವನ್ನು ಮೊದಲು, ಕೇಂದ್ರದ ಸ್ಥಾನವನ್ನು ಆಮೇಲೆ ಕೊಟ್ಟಿದ್ದರೆ ಮೂರನೆಯ ಸಂಖ್ಯೆ ಬ್ಯಾಕ್ ಅಜಿಮತ್. ಅದಲು ಬದಲಾದರೆ ಎಲ್ಲವೂ ಕೆಡುತ್ತದೆ, ಆದರೂ ಪ್ರೋಗ್ರಾಂ ತಪ್ಪು ಎಂದು ಹೇಳದೆ ಚಿತ್ರ ಬರೆದುಕೊಡುತ್ತದೆ.

ಪರೀಕ್ಷೆ ಸುಲಭ. ತಿರುಗಿಸಿದ ನಂತರ ಮೊದಲ ಪಿ ಏಟು ಲಂಬದಲ್ಲಿ ಮೇಲಕ್ಕಿದ್ದರೆ ರೇಡಿಯಲ್‌ನಲ್ಲೂ ಮೇಲಕ್ಕಿರಬೇಕು, ಕೆಳಕ್ಕಿದ್ದರೆ ಅಲ್ಲೂ ಕೆಳಕ್ಕೆ. ಗಾತ್ರವೂ ಹೊಂದಬೇಕು: ಕಿರಣ ನಿಯತಾಂಕ 0.06, ಮೇಲ್ಮೈ ಎಸ್ ವೇಗ ಸೆಕೆಂಡಿಗೆ 3.4 ಕಿ.ಮೀ. ಆದರೆ ರೇಡಿಯಲ್ ಏಟು ಲಂಬದ ಸುಮಾರು 0.44ರಷ್ಟು. ಇದಕ್ಕಿಂತ ತೀರಾ ಬೇರೆಯಾದರೆ ಘಟಕಗಳ ಹೆಸರು, ಗೇನ್ (ವರ್ಧನೆಯ ಪ್ರಮಾಣ), ಕೋನ ಇವುಗಳನ್ನು ಮತ್ತೆ ನೋಡಿ.

ಘಟಕಗಳ ಹೆಸರಿನ ಕೊನೆಯಲ್ಲಿ ಉತ್ತರ, ಪೂರ್ವದ ಬದಲು 1, 2 ಎಂದಿದ್ದರೆ ಅವು ನಿಜವಾದ ಉತ್ತರಕ್ಕೆ ಹೊಂದಿಲ್ಲ ಎಂದರ್ಥ. ಮೆಟಾಡೇಟಾದ ಕೋನ ಬಳಸಿ ಮೊದಲು ಅದನ್ನು ಸರಿಪಡಿಸಬೇಕು. ಮೆಟಾಡೇಟಾದಲ್ಲೇ ಕೋನ ತಪ್ಪಿರುವ ಕೇಂದ್ರಗಳೂ ಉಂಟು. ದಿಕ್ಸೂಚಿಯ ಉತ್ತರವನ್ನೇ ನಿಜವಾದ ಉತ್ತರ ಎಂದು ತಿಳಿದು ಸೀಸ್ಮೋಮೀಟರ್ ಕೂರಿಸಿದರೆ, ಇಲ್ಲವೇ ಹತ್ತಿರದ ಕಬ್ಬಿಣ ಮುಳ್ಳನ್ನು ಎಳೆದರೆ ಹೀಗಾಗುತ್ತದೆ. 10° ತಪ್ಪಿದರೆ ರೇಡಿಯಲ್‌ನ 17% ಟ್ರಾನ್ಸ್‌ವರ್ಸ್‌ಗೆ ಸೋರುತ್ತದೆ. ನಾವು ಅಲ್ಲಿ ಹುಡುಕುವ ಎಳೆಯ ಸಂಕೇತವೂ ಹೆಚ್ಚುಕಡಿಮೆ ಅಷ್ಟೇ ಸಣ್ಣದು.

ಈ ಸೋರಿಕೆಯನ್ನು ಗುರುತಿಸುವ ದಾರಿಯಿದೆ. ಎಲ್ಲ ದಿಕ್ಕಿನ ಭೂಕಂಪಗಳ ಟ್ರಾನ್ಸ್‌ವರ್ಸ್ ಫಲಿತಾಂಶವನ್ನು ಬ್ಯಾಕ್ ಅಜಿಮತ್ ಕ್ರಮದಲ್ಲಿ ಜೋಡಿಸಿ, ಸೊನ್ನೆ ಸೆಕೆಂಡಿನಲ್ಲಿ ಏನಿದೆ ನೋಡಿ. ಎಲ್ಲ ದಿಕ್ಕಿನಲ್ಲೂ ಒಂದೇ ಚಿಹ್ನೆಯ ಏಟು ಇದ್ದರೆ ಅದು ಉಪಕರಣದ ಕೋನದ ತಪ್ಪು. ಅರ್ಧ ವೃತ್ತದಲ್ಲಿ ಧನ, ಇನ್ನರ್ಧದಲ್ಲಿ ಋಣ ಆಗಿದ್ದರೆ ಕೆಳಗಿನ ಪದರ ವಾಲಿದೆ. ಮೊದಲನೆಯದನ್ನು ಎರಡನೆಯದೆಂದು ತಿಳಿದರೆ ಇಲ್ಲದ ಇಳಿಜಾರು ನಕ್ಷೆಗೆ ಬಂದುಬಿಡುತ್ತದೆ.

ಭಾಗಿಸುವುದು

ರೇಡಿಯಲ್ ಮತ್ತು ಟ್ರಾನ್ಸ್‌ವರ್ಸ್ ಎರಡನ್ನೂ ಲಂಬದಿಂದ ಭಾಗಿಸುವ ಕೆಲಸಕ್ಕೆ ಡಿಕನ್ವಲ್ಯೂಷನ್ ಎನ್ನುತ್ತಾರೆ. ಎರಡು ಬಗೆ ರೂಢಿಯಲ್ಲಿವೆ. ಆವರ್ತನಗಳಲ್ಲಿ ನೇರ ಭಾಗಿಸುವುದು ಒಂದು. ಲಂಬದಲ್ಲಿ ಶಕ್ತಿಯಿಲ್ಲದ ಆವರ್ತನಗಳಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುವುದರಿಂದ ಅಲ್ಲಿ ‘ವಾಟರ್ ಲೆವೆಲ್’ ಎಂಬ ಕನಿಷ್ಠ ಮಟ್ಟ ಹಾಕುತ್ತಾರೆ, ಸಾಮಾನ್ಯವಾಗಿ 0.01ರಿಂದ 0.1. ಕಡಿಮೆಯಾದರೆ ಇಡೀ ದಾಖಲೆ ಗಂಟೆ ಬಾರಿಸಿದಂತೆ ಒಂದೇ ಆವರ್ತನದಲ್ಲಿ ಅದುರುತ್ತದೆ, ಹೆಚ್ಚಾದರೆ ಏಟುಗಳು ಅಗಲವಾಗಿ ಒಂದಕ್ಕೊಂದು ಬೆರೆಯುತ್ತವೆ. ಇನ್ನೊಂದು ಬಗೆ ಸಮಯದಲ್ಲಿ ಒಂದೊಂದೇ ಏಟು ಸೇರಿಸುತ್ತಾ ಹೋಗುವ ಪುನರಾವರ್ತನೆಯ ವಿಧಾನ. 100ರಿಂದ 200 ಸುತ್ತು ಸಾಕು. ಕೊನೆಗೆ ಮೂಲ ರೇಡಿಯಲ್‌ನ 80%ರಷ್ಟಾದರೂ ಮರಳಿ ಬರದಿದ್ದರೆ ಆ ಭೂಕಂಪವನ್ನು ಕೈಬಿಡಿ. ಗದ್ದಲವಿರುವ ದಾಖಲೆಗೆ ಎರಡನೆಯ ಬಗೆಯೇ ವಾಸಿ.

ಎರಡರಲ್ಲೂ ಮೇಲಿನ ಆವರ್ತನಗಳನ್ನು ನಯವಾಗಿ ತಗ್ಗಿಸುವ ಗಾಸಿಯನ್ ಫಿಲ್ಟರಿನ ಅಗಲ ಆರಿಸಬೇಕು. 2.5 ಎಂದು ಕೊಟ್ಟರೆ ಸುಮಾರು 1.2 ಹರ್ಟ್ಸ್‌ವರೆಗಿನ ವಿವರ ಉಳಿಯುತ್ತದೆ, ಏಟಿನ ಅಗಲ ಸುಮಾರು 0.7 ಸೆಕೆಂಡು. 1.0 ಕೊಟ್ಟರೆ 0.5 ಹರ್ಟ್ಸ್‌ವರೆಗೆ ಮಾತ್ರ. ಮೊಹೊಗೆ ಎರಡರಲ್ಲೂ ಮಾಡಿ ಹೋಲಿಸಿ: ಒಂದರಲ್ಲಿ ಮಾತ್ರ ಕಾಣುವ ಏಟನ್ನು ನಂಬಬೇಡಿ. ಲಂಬವನ್ನು ಲಂಬದಿಂದಲೇ ಭಾಗಿಸಿಯೂ ನೋಡಿ. ಸೊನ್ನೆಯಲ್ಲಿ ಒಂದೇ ಒಂದು ನಯವಾದ ಏಟು ಬರಬೇಕು, ಬೇರೇನಾದರೂ ಬಂದರೆ ನಿಮ್ಮ ಆಯ್ಕೆಗಳು ಸರಿಯಿಲ್ಲ.

ದಪ್ಪ

ಮೊಹೊದಿಂದ ಮೂರು ಅಲೆಗಳು ಬರುತ್ತವೆ: ಪಿಎಸ್, ಮೇಲ್ಮೈಗೆ ಬಡಿದು ಮತ್ತೆ ಮೊಹೊ ಮುಟ್ಟಿ ಬರುವ ಮೊದಲ ಪ್ರತಿಫಲನ, ಅದೇ ಬಗೆಯ ಆದರೆ ಎಸ್ ಆಗಿ ಹೆಚ್ಚು ದಾರಿ ಸವೆಸುವ ಎರಡನೆಯ ಪ್ರತಿಫಲನ. ಕೊನೆಯದು ಋಣ ಚಿಹ್ನೆಯದು. ಅವುಗಳ ಸಮಯ ಕೈಯಲ್ಲೇ ಲೆಕ್ಕ ಹಾಕಬಹುದು. ಪಿ ವೇಗ ಸೆಕೆಂಡಿಗೆ 6.45 ಕಿ.ಮೀ., ಪಿ ಮತ್ತು ಎಸ್ ವೇಗಗಳ ಅನುಪಾತ 1.75, ಕಿರಣ ನಿಯತಾಂಕ 0.06 ಎಂದಿಟ್ಟುಕೊಳ್ಳಿ. ವೇಗದ ವರ್ಗದಿಂದ 1ನ್ನು ಭಾಗಿಸಿ, ಕಿರಣ ನಿಯತಾಂಕದ ವರ್ಗ ಕಳೆದು, ವರ್ಗಮೂಲ ತೆಗೆದರೆ ಎಸ್‌ಗೆ 0.2646, ಪಿಗೆ 0.1430 ಸಿಗುತ್ತದೆ. ಇವುಗಳ ವ್ಯತ್ಯಾಸವನ್ನು ದಪ್ಪದಿಂದ ಗುಣಿಸಿದರೆ ಪಿಎಸ್ ಸಮಯ, ಮೊತ್ತವನ್ನು ಗುಣಿಸಿದರೆ ಮೊದಲ ಪ್ರತಿಫಲನ, ಎಸ್ ಸಂಖ್ಯೆಯ ಎರಡರಷ್ಟನ್ನು ಗುಣಿಸಿದರೆ ಎರಡನೆಯದು. 33 ಕಿ.ಮೀ. ದಪ್ಪಕ್ಕೆ 4.0, 13.4, 17.5 ಸೆಕೆಂಡು. ಹೈದರಾಬಾದಿನ ಕೆಳಗೆ ಕವಚ ಸುಮಾರು ಇಷ್ಟೇ ದಪ್ಪ. ಟಿಬೆಟ್‌ನ 70 ಕಿ.ಮೀ. ಕವಚವಾದರೆ ಇದೇ ವೇಗಕ್ಕೆ ಪಿಎಸ್ ಒಂದೇ 8.5 ಸೆಕೆಂಡಿಗೆ ಬರುತ್ತದೆ.

ಪಿಎಸ್ ಒಂದರಿಂದಲೇ ದಪ್ಪ ಹೇಳಬಾರದು. ಅದೇ 4.0 ಸೆಕೆಂಡನ್ನು ಅನುಪಾತ 1.85 ಎಂದು ಓದಿದರೆ ದಪ್ಪ 29 ಕಿ.ಮೀ.ಗೆ ಇಳಿಯುತ್ತದೆ. ಈ ಗೊಂದಲ ಬಿಡಿಸಲು 2000ದಲ್ಲಿ ಝು ಮತ್ತು ಕನಮೊರಿ ಕೊಟ್ಟ ವಿಧಾನ ಈಗಲೂ ಎಲ್ಲರ ಮೊದಲ ಹೆಜ್ಜೆ. ದಪ್ಪವನ್ನು 20ರಿಂದ 60 ಕಿ.ಮೀ.ವರೆಗೆ, ಅನುಪಾತವನ್ನು 1.60ರಿಂದ 2.00ರವರೆಗೆ ಬದಲಿಸುತ್ತಾ, ಪ್ರತಿ ಜೋಡಿಗೂ ಮೂರು ಸಮಯಗಳಲ್ಲಿರುವ ಎತ್ತರಗಳನ್ನು 0.7, 0.2, 0.1 ತೂಕದಿಂದ ಕೂಡಿಸಿ. ಮೂರನೆಯದನ್ನು ಕಳೆಯಬೇಕು, ಚಿಹ್ನೆ ಮರೆಯಬೇಡಿ. ಎಲ್ಲ ಭೂಕಂಪಗಳ ಮೊತ್ತ ಎಲ್ಲಿ ಗರಿಷ್ಠವೋ ಅದೇ ಉತ್ತರ. ಊಹಿಸಿದ ಪಿ ವೇಗ 0.1 ತಪ್ಪಿದರೆ ದಪ್ಪ ಸುಮಾರು ಅರ್ಧ ಕಿ.ಮೀ. ತಪ್ಪುತ್ತದೆ, ಅದನ್ನು ಸಹಿಸಬಹುದು. ದೋಷದ ಅಂದಾಜಿಗೆ ಭೂಕಂಪಗಳನ್ನು ಯಾದೃಚ್ಛಿಕವಾಗಿ ಮರು ಆರಿಸಿ 200 ಬಾರಿ ಲೆಕ್ಕ ಮಾಡಿ.

ನಕ್ಷೆಯಲ್ಲಿ ಗರಿಷ್ಠ ಬಿಂದು ದುಂಡಗಿದ್ದರೆ ಸರಿ. ಉದ್ದಕ್ಕೆ ಓರೆಯಾಗಿ ಎಳೆದ ಹಾಗಿದ್ದರೆ ಪ್ರತಿಫಲನಗಳು ದುರ್ಬಲ, ಅನುಪಾತ ನಂಬಲರ್ಹವಲ್ಲ. ಎರಡು ಗರಿಷ್ಠಗಳಿದ್ದರೆ ಎತ್ತರದ್ದನ್ನೇ ಕಣ್ಣುಮುಚ್ಚಿ ಆರಿಸಬೇಡಿ. ಕವಚದೊಳಗೆ 15 ಕಿ.ಮೀ. ಆಳದಲ್ಲಿ ಒಂದು ಗಡಿಯಿದ್ದರೆ, ಅದರ ಮೊದಲ ಪ್ರತಿಫಲನ ಮೇಲಿನ ವೇಗಗಳಿಗೆ 6.1 ಸೆಕೆಂಡಿಗೆ ಬರುತ್ತದೆ. 50 ಕಿ.ಮೀ. ಆಳದ ಮೊಹೊದ ಪಿಎಸ್ ಕೂಡ 6.1 ಸೆಕೆಂಡಿಗೇ! ಪಶ್ಚಿಮ ಧಾರವಾಡದಲ್ಲಿ ಇದು ಬರೀ ಕಾಗದದ ಮೇಲಿನ ಚಿಂತೆಯಲ್ಲ. ಅಲ್ಲಿ ಕವಚ 40 ಕಿ.ಮೀ. ಮೀರಿ, ಕೆಲವೆಡೆ 50ರ ಹತ್ತಿರ ಹೋಗುತ್ತದೆ. ಅಷ್ಟು ದಪ್ಪ ಎಂದು ಹೇಳುವ ಮೊದಲು ಏಟು ನಿಜವಾಗಿ ಪಿಎಸ್ ಹೌದೇ ಎಂದು ಖಚಿತವಾಗಬೇಕು.

ಖಚಿತಪಡಿಸುವುದು ಹೀಗೆ: ದಾಖಲೆಗಳನ್ನು ಕಿರಣ ನಿಯತಾಂಕದ ಕ್ರಮದಲ್ಲಿ ಜೋಡಿಸಿ. ಹತ್ತಿರದ ಭೂಕಂಪಕ್ಕೆ ಕಿರಣ ನಿಯತಾಂಕ ದೊಡ್ಡದು, ಆಗ ಪಿಎಸ್ ತಡವಾಗುತ್ತದೆ, ಪ್ರತಿಫಲನ ಬೇಗ ಬರುತ್ತದೆ. 33 ಕಿ.ಮೀ.ಗೆ 0.045ರಲ್ಲಿ ಪಿಎಸ್ 3.93 ಸೆಕೆಂಡು, 0.079ರಲ್ಲಿ 4.16. ಮೊದಲ ಪ್ರತಿಫಲನ ಅದೇ ಅಂತರದಲ್ಲಿ 13.7ರಿಂದ 13.0ಕ್ಕೆ ಇಳಿಯುತ್ತದೆ. ಸಾಲು ಯಾವ ಕಡೆ ವಾಲುತ್ತದೆ ಎಂಬುದೊಂದೇ ಅದು ಯಾವ ಅಲೆ ಎಂದು ಹೇಳುತ್ತದೆ. ಎಲ್ಲವನ್ನೂ ಒಟ್ಟು ಕೂಡಿಸುವ ಮೊದಲು ಈ ವಾಲಿಕೆಯನ್ನು ಒಂದೇ ಕಿರಣ ನಿಯತಾಂಕಕ್ಕೆ (ಸಾಮಾನ್ಯವಾಗಿ ಡಿಗ್ರಿಗೆ 6.4 ಸೆಕೆಂಡು) ಸರಿದೂಗಿಸಬೇಕು.

ದಪ್ಪದ ಜತೆಗೆ ಸಿಗುವ ಅನುಪಾತವೂ ವಿರೂಪದ ಕತೆ ಹೇಳುತ್ತದೆ. ಗ್ರಾನೈಟಿನಂಥ ಸಿಲಿಕಾ ಹೆಚ್ಚಿರುವ ಕವಚ ಒಂದರ ಮೇಲೊಂದು ಒತ್ತಿಕೊಂಡು ದಪ್ಪವಾಗಿದ್ದರೆ ಅನುಪಾತ 1.76ಕ್ಕಿಂತ ಕೆಳಗೇ ಉಳಿಯುವುದು ಸಹಜ. ಕೆಳಗಿನಿಂದ ಬಸಾಲ್ಟ್ ಬಗೆಯ ಶಿಲಾರಸ ಬಂದು ಅಂಟಿ ದಪ್ಪವಾಗಿದ್ದರೆ ಅನುಪಾತ ಏರುತ್ತದೆ. ಒಂದೇ ದಪ್ಪಕ್ಕೆ ಎರಡು ಬೇರೆ ಇತಿಹಾಸಗಳು.

ಎಳೆ

ಈಗ ಟ್ರಾನ್ಸ್‌ವರ್ಸ್ ದಾಖಲೆಗೆ ಬನ್ನಿ. ಪದರಗಳೆಲ್ಲ ಮಟ್ಟಸವಾಗಿ, ಎಲ್ಲ ದಿಕ್ಕಿಗೂ ಒಂದೇ ವೇಗವಿದ್ದರೆ ಇಲ್ಲಿ ಏನೂ ಇರಬಾರದು. ಇರುವುದೆಲ್ಲ ವಾಲಿಕೆ, ಎಳೆ ಅಥವಾ ತಪ್ಪು. ಎಳೆಯ ಕಡೆಗೆ ಕಂಪಿಸುವ ಎಸ್ ಬೇಗ ಬರುತ್ತದೆ, ಅದಕ್ಕೆ ಲಂಬವಾಗಿ ಕಂಪಿಸುವುದು ತಡ. 33 ಕಿ.ಮೀ. ಕವಚದಲ್ಲಿ 3% ವ್ಯತ್ಯಾಸವಿದ್ದರೂ ತಡವಾಗುವುದು ಸುಮಾರು 0.27 ಸೆಕೆಂಡು, 10 ಕಿ.ಮೀ. ಪದರದಲ್ಲಿ 5% ಇದ್ದರೆ 0.14. ಏಟಿನ ಅಗಲವೇ 0.7 ಸೆಕೆಂಡು ಇರುವಾಗ ಒಂದೇ ದಾಖಲೆಯಲ್ಲಿ ಇದನ್ನು ಓದಲಾಗದು. ಬೇರೆ ಬೇರೆ ದಿಕ್ಕಿನವನ್ನು ಸಾಲಾಗಿಟ್ಟು, ಬ್ಯಾಕ್ ಅಜಿಮತ್ ಜತೆ ಅದು ಹೇಗೆ ಬದಲಾಗುತ್ತದೆ ಎಂಬ ಮಾದರಿಯನ್ನು ಹುಡುಕಬೇಕು.

ದಾಖಲೆಗಳನ್ನು 10° ಅಥವಾ 20° ಗುಂಪುಗಳಲ್ಲಿ ಕೂಡಿಸಿ. ಜಪಾನಿನ ನೂರು ಭೂಕಂಪಗಳು ಟರ್ಕಿಯ ನಾಲ್ಕನ್ನು ಮುಳುಗಿಸದಂತೆ ಪ್ರತಿ ಗುಂಪಿಗೂ ಸಮ ತೂಕ ಕೊಡಿ. ನಂತರ ಪ್ರತಿ ಸಮಯಕ್ಕೂ ಐದು ಪದಗಳ ಲೆಕ್ಕ ಹೊಂದಿಸಿ: ದಿಕ್ಕಿನಿಂದ ಬದಲಾಗದ ಒಂದು ಪದ, ಕೋನದ ಸೈನ್ ಮತ್ತು ಕೊಸೈನ್, ಎರಡರಷ್ಟು ಕೋನದ ಸೈನ್ ಮತ್ತು ಕೊಸೈನ್. ಟ್ರಾನ್ಸ್‌ವರ್ಸ್ ದಾಖಲೆಯ ಮಾದರಿ ರೇಡಿಯಲ್‌ಗಿಂತ ಮೊದಲ ಜೋಡಿಯಲ್ಲಿ 90°, ಎರಡನೆಯದರಲ್ಲಿ 45° ಸರಿದಿರುತ್ತದೆ. ಎರಡೂ ದಾಖಲೆಗಳನ್ನು ಒಟ್ಟಿಗೇ ಹೊಂದಿಸುವುದರಿಂದ ನೈಜ ಸಂಕೇತ ಗದ್ದಲದಿಂದ ಬೇರ್ಪಡುತ್ತದೆ.

360°ಗೆ ಒಮ್ಮೆ ಮರಳುವ ಮಾದರಿ ವಾಲಿದ ಗಡಿಯಿಂದ ಅಥವಾ ಓರೆಯಾಗಿ ಇಳಿದ ಎಳೆಯಿಂದ ಬರುತ್ತದೆ. ಉತ್ತರಕ್ಕೆ ಇಳಿಯುವ ಹಿಮಾಲಯದ ದೊಡ್ಡ ಸ್ತರಭಂಗದ ಮೇಲಿನ ಕೇಂದ್ರಗಳಲ್ಲಿ ನಿರೀಕ್ಷಿಸಬೇಕಾದದ್ದು ಇದನ್ನೇ. 180°ಗೆ ಒಮ್ಮೆ ಮರಳಿ, ಟ್ರಾನ್ಸ್‌ವರ್ಸ್‌ನಲ್ಲಿ ಪ್ರತಿ 90°ಗೆ ಚಿಹ್ನೆ ಬದಲಿಸುವುದು ಮಟ್ಟಸವಾದ ಎಳೆಯ ಗುರುತು. ಆಗ ಪಿಎಸ್ ಸಮಯವೂ ಬ್ಯಾಕ್ ಅಜಿಮತ್ ಜತೆ ಹಿಂದೆ ಮುಂದೆ ಸರಿಯುತ್ತದೆ. ಅದು ಅತಿ ಬೇಗ ಬರುವ ದಿಕ್ಕೇ ವೇಗದ ದಿಕ್ಕು, ಅತಿ ಬೇಗ ಮತ್ತು ಅತಿ ತಡದ ಅಂತರವೇ ಎಳೆಯ ಬಲ.

ಮಾದರಿ ಎಷ್ಟನೆಯ ಸೆಕೆಂಡಿನಲ್ಲಿದೆ ಎಂಬುದರಿಂದ ಆಳ ತಿಳಿಯುತ್ತದೆ. ಮೊದಲ ಒಂದೂವರೆ ಸೆಕೆಂಡಿನೊಳಗಿದ್ದರೆ ಮೇಲಿನ ಕವಚದ್ದು, ಅಲ್ಲಿ ಬಿರುಕುಗಳೂ ಎಳೆಯಂತೆ ವರ್ತಿಸುತ್ತವೆ. ತೆರೆದ ಬಿರುಕುಗಳು ಇಂದಿನ ಗರಿಷ್ಠ ಅಡ್ಡ ಒತ್ತಡಕ್ಕೆ ಸಮಾನಾಂತರವಾಗಿರುವುದರಿಂದ ಅದು ಇಂದಿನ ವಿಷಯ. ಆಳ ಹೆಚ್ಚಿದಂತೆ ಭಾರಕ್ಕೆ ಬಿರುಕು ಮುಚ್ಚಿಕೊಳ್ಳುತ್ತದೆ, ನಡು ಮತ್ತು ಕೆಳ ಕವಚದಲ್ಲಿ ಉಳಿಯುವುದು ಹರಳುಗಳ ಸಾಲು, ಅಂದರೆ ಬಂಡೆ ಬಿಸಿಯಾಗಿ ಹರಿದ ಕಾಲದ ನೆನಪು. ಧಾರವಾಡದಲ್ಲಿ ಆ ನೆನಪು ಸುಮಾರು 250 ಕೋಟಿ ವರ್ಷ ಹಳೆಯದು. ಚಿತ್ರದುರ್ಗದ ಶಿಸ್ಟ್ ಪಟ್ಟಿ, ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟ್, ಎರಡೂ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿವೆ. ಕೆಳ ಕವಚದ ವೇಗದ ದಿಕ್ಕು ಇದಕ್ಕೆ ಹೊಂದಿದರೆ ಮೇಲ್ಮೈಯ ರಚನೆ ಆಳಕ್ಕೂ ಇಳಿದಿದೆ ಎನ್ನಬಹುದು. ಹೊಂದದಿದ್ದರೆ ಮೇಲೂ ಕೆಳಗೂ ಬೇರೆ ಬೇರೆಯಾಗಿ ಹರಿದಿರಬೇಕು, ಅದು ಇನ್ನೂ ಕುತೂಹಲದ ಫಲಿತಾಂಶ.

ಫಲಿತಾಂಶ ಬರೆಯುವಾಗ ನೆನಪಿಡಬೇಕಾದ್ದು: ಪಿಎಸ್ ಮಾರ್ಪಡುವುದು ಕೇಂದ್ರದ ನೇರ ಕೆಳಗಲ್ಲ, ಭೂಕಂಪದ ಕಡೆಗೆ ಸರಿದು. 33 ಕಿ.ಮೀ. ಆಳಕ್ಕೆ 5ರಿಂದ 10 ಕಿ.ಮೀ. ದೂರ. ಆದ್ದರಿಂದ ಪೂರ್ವದ ದಾಖಲೆ ಪೂರ್ವದ ಮೊಹೊವನ್ನೂ ವಾಯವ್ಯದ್ದು ವಾಯವ್ಯದ ಮೊಹೊವನ್ನೂ ನೋಡುತ್ತದೆ. ಎರಡರಲ್ಲೂ ದಪ್ಪ ಬೇರೆಯಾದರೆ ಸರಾಸರಿ ಮಾಡದೆ ಬೇರೆ ಬೇರೆಯಾಗಿಯೇ ಕೊಡಿ. ಬಳಸಿದ ಪಿ ವೇಗ, ಗಾಸಿಯನ್ ಅಗಲ, ಉಳಿದ ಭೂಕಂಪಗಳ ಸಂಖ್ಯೆ, ಬ್ಯಾಕ್ ಅಜಿಮತ್ ವೃತ್ತದ ಖಾಲಿ ಭಾಗ, ಇವಿಷ್ಟೂ ಇರಲಿ. ಖಾಲಿ ಭಾಗ 90° ಮೀರಿದ್ದರೆ ವಾಲಿಕೆ ಮತ್ತು ಎಳೆ ಒಂದರ ವೇಷದಲ್ಲಿ ಇನ್ನೊಂದು ಬರಬಹುದು. ಅಂಥಲ್ಲಿ ದಪ್ಪ ಮತ್ತು ಅನುಪಾತವನ್ನು ಮಾತ್ರ ಪ್ರಕಟಿಸಿ, ವೇಗದ ದಿಕ್ಕಿನ ಬಾಣವನ್ನು ನಕ್ಷೆಯಲ್ಲಿ ಹಾಕಬೇಡಿ.